ಮೇಜಿನ ಈ ಬದಿಗೂ ಅವರೇ, ಆ ಬದಿಗೂ ಅವರೇ: ಬ್ರಿಟನ್ನಿನ ಯೂನಿಯನ್ ಕೌನ್ಸಿಲರ್‌ಗಳ ಇಕ್ಕಟ್ಟು

2025ರ ಜುಲೈನಲ್ಲಿ ಬ್ರಿಟನ್ನಿನ ದೊಡ್ಡ ಕಾರ್ಮಿಕ ಸಂಘಗಳಲ್ಲಿ ಒಂದಾದ ಯುನೈಟ್, ಬ್ರೈಟನ್‌ನಲ್ಲಿ ನಡೆದ ತನ್ನ ಸಮ್ಮೇಳನದಲ್ಲಿ ತನ್ನದೇ ಸದಸ್ಯರನ್ನು ಅಮಾನತು ಮಾಡಿತು. ಅವರಲ್ಲಿ ಒಬ್ಬರು ಬರ್ಮಿಂಗ್‌ಹ್ಯಾಮ್ ಸಿಟಿ ಕೌನ್ಸಿಲ್ಲಿನ, ಅಂದರೆ ಅಲ್ಲಿಯ ನಗರಪಾಲಿಕೆಯ, ಆಗಿನ ನಾಯಕ ಜಾನ್ ಕಾಟನ್. ಆಗ ಉಪಪ್ರಧಾನಿಯಾಗಿದ್ದ ಆಂಜೆಲಾ ರೇನರ್ ಅವರ ಹೆಸರೂ ಇತ್ತು. ಅವರು ಎಷ್ಟೋ ಮೊದಲೇ ಸದಸ್ಯತ್ವ ಬಿಟ್ಟಿದ್ದರು ಎಂದು ಅವರ ಕಡೆಯವರು ಹೇಳಿದರು. ಅದಿರಲಿ. ಜಗಳ ಇದ್ದದ್ದು ಕಸದ ಬಗ್ಗೆ. ಬರ್ಮಿಂಗ್‌ಹ್ಯಾಮ್‌ನ ಕಸ ಎತ್ತುವ ಕಾರ್ಮಿಕರು ಮಾರ್ಚ್‌ನಿಂದ ಪೂರ್ತಿ ಮುಷ್ಕರದಲ್ಲಿದ್ದರು. ಅವರ ಯೂನಿಯನ್ ಯುನೈಟ್. ಅವರಿಗೆ ಸಂಬಳ ಕೊಡುವ ಕೌನ್ಸಿಲ್ಲಿನ ನಾಯಕರೂ ಅದೇ ಯುನೈಟ್‌ನ ಸದಸ್ಯರು.

ದೂರದಿಂದ ನೋಡುವವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಅಲ್ಲಿ ಮಾತ್ರ ಇದು ಮಾಮೂಲಿ. ಕಾಟನ್, ರೇನರ್ ಇಬ್ಬರೂ ಸೇರಿರುವ ಲೇಬರ್ ಪಕ್ಷದ ಬೇರು ಇರುವುದೇ 1900ರಲ್ಲಿ, ಕಾರ್ಮಿಕ ಸಂಘಗಳು ಮತ್ತು ಸಮಾಜವಾದಿ ಗುಂಪುಗಳು ಸೇರಿ ತಮ್ಮವರನ್ನು ಸಂಸತ್ತಿಗೆ ಕಳಿಸಲು ಹೊರಟಾಗ. ಕೆಲಸದ ಜಾಗದಲ್ಲಿ ಯೂನಿಯನ್ ಪ್ರತಿನಿಧಿಯಾಗಿ ಹೆಸರು ಮಾಡಿ, ಆಮೇಲೆ ವಾರ್ಡ್‌ನಲ್ಲಿ ಚುನಾವಣೆಗೆ ನಿಲ್ಲುವುದು ಅಂದಿನಿಂದಲೂ ಇರುವ ದಾರಿ. ರೇನರ್ ಕೂಡ ಸ್ಟಾಕ್‌ಪೋರ್ಟ್‌ನಲ್ಲಿ ಜನರ ಮನೆಗೆ ಹೋಗಿ ಆರೈಕೆ ಮಾಡುವ ಕೆಲಸದಲ್ಲಿದ್ದವರು, ಯುನಿಸನ್ ಸಂಘದ ಪ್ರತಿನಿಧಿಯಾಗಿ ಮೇಲೆ ಬಂದವರು. ಹಾಗಾಗಿ ಯೂನಿಯನ್ ಕೌನ್ಸಿಲರ್ ಅನ್ನುವವರು ಅಪರೂಪದ ಪ್ರಾಣಿಯಲ್ಲ. ಆದರೆ ಒಬ್ಬರೇ ಈ ಎರಡೂ ಕೆಲಸ ಮಾಡುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಇದಕ್ಕೆ ಅವರ ಮನಸ್ಸು ಎರಡಾಗಿರುವುದು ಕಾರಣ ಎಂದು ಬಹಳ ಜನ ಹೇಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ವರ್ಷದ ಬಹುಪಾಲು ದಿನ ಈ ಎರಡು ಕೆಲಸ ಒಂದಕ್ಕೊಂದು ಚೆನ್ನಾಗಿಯೇ ಹೊಂದಿಕೊಳ್ಳುತ್ತವೆ. ಬೇರೆಯಾಗುವುದು ಬಜೆಟ್ ದಿನ. ಈಗೀಗ ಆ ಒಂದು ದಿನವೇ ಉಳಿದ ದಿನಗಳನ್ನೆಲ್ಲ ನುಂಗುತ್ತಿದೆ.

ಮಾಮೂಲಿ ದಿನ

ಕೌನ್ಸಿಲರ್ ಅಂದರೆ ದೊಡ್ಡ ಅಧಿಕಾರ ಎಂದು ಮತದಾರರು ಅಂದುಕೊಂಡಿರುತ್ತಾರೆ. ನಿಜವಾಗಿ ನೋಡಿದರೆ ಅವರ ಹೆಚ್ಚಿನ ಸಮಯ ಹೋಗುವುದು ಬೇರೆಯವರ ಪರವಾಗಿ ಪತ್ರ ಬರೆಯುವುದರಲ್ಲಿ. ಗೋಡೆಯಲ್ಲಿ ತೇವ, ಮಗುವಿಗೆ ಕೆಮ್ಮು, ಮನೆ ಕೌನ್ಸಿಲ್ಲಿನದು, ರಿಪೇರಿ ಆಗುತ್ತಿಲ್ಲ. ಫುಟ್‌ಪಾತ್ ಕಿತ್ತುಹೋಗಿದೆ. ಪಕ್ಕದ ಮನೆಯವರ ಗಲಾಟೆ. ಮಗನಿಗೆ ಹತ್ತಿರದ ಶಾಲೆಯಲ್ಲಿ ಸೀಟು ಸಿಗಲಿಲ್ಲ. ಇಂಥವು ಇಮೇಲ್‌ನಲ್ಲಿ ಬರುತ್ತವೆ, ಫೋನಿನಲ್ಲಿ ಬರುತ್ತವೆ, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಗ್ರಂಥಾಲಯದಲ್ಲೋ ಸಮುದಾಯ ಭವನದಲ್ಲೋ ಕೂತು ಅಹವಾಲು ಕೇಳುವಾಗ ಎದುರಿಗೇ ಬಂದು ಕೂರುತ್ತವೆ. ಬರ್ಮಿಂಗ್‌ಹ್ಯಾಮ್‌ನಲ್ಲಿ 101 ಕೌನ್ಸಿಲರ್‌ಗಳು, ಜನಸಂಖ್ಯೆ 11 ಲಕ್ಷಕ್ಕೂ ಜಾಸ್ತಿ. ಒಬ್ಬೊಬ್ಬರ ಪಾಲಿಗೆ ಹನ್ನೊಂದು ಸಾವಿರ ಜನ ಬೀಳುತ್ತಾರೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಕೌನ್ಸಿಲರ್ ಯಾವ ಅಧಿಕಾರಿಗೂ 'ನಾಳೆ ಈ ಮನೆ ರಿಪೇರಿ ಮಾಡು' ಎಂದು ಆಜ್ಞೆ ಮಾಡಲಾರರು. ಮನೆಗಾಗಿ ಕಾಯುವವರ ಪಟ್ಟಿಯಲ್ಲಿ ಯಾರನ್ನೂ ಮೇಲಕ್ಕೆ ಹತ್ತಿಸಲಾರರು. ಅವರ ಕೈಯಲ್ಲಿರುವುದು ಕೇಳುವ ಹಕ್ಕು, ನಿಯಮದ ತಿಳುವಳಿಕೆ ಮತ್ತು ಬಿಡದೆ ಬೆನ್ನು ಹತ್ತುವ ಹಟ. ಇಂಗ್ಲೆಂಡಿನಲ್ಲಿ 2025ರ ಅಕ್ಟೋಬರ್ 27ರಿಂದ ಅವಾಬ್ಸ್ ಲಾ ಎಂಬ ನಿಯಮ ಜಾರಿಗೆ ಬಂತು. ಬಾಡಿಗೆಗೆ ಕೊಟ್ಟ ಸಾಮಾಜಿಕ ವಸತಿಯಲ್ಲಿ ತೇವ, ಬೂಷ್ಟು ತೀವ್ರವಾಗಿದ್ದರೆ ಹತ್ತು ಕೆಲಸದ ದಿನಗಳೊಳಗೆ ಪರಿಶೀಲಿಸಬೇಕು. ಜೀವಕ್ಕೆ ಅಪಾಯವಿದ್ದರೆ 24 ಗಂಟೆ. ಇದನ್ನು ತಿಳಿದ ಕೌನ್ಸಿಲರ್ 'ದಯವಿಟ್ಟು ಸ್ವಲ್ಪ ನೋಡಿ' ಎಂದು ಬರೆಯುವುದಿಲ್ಲ. ದೂರು ಕೊಟ್ಟ ದಿನ ಇದು, ನಿಯಮದ ಪ್ರಕಾರ ಗಡುವು ಮುಗಿದದ್ದು ಈ ದಿನ, ಯಾರು ಹೊಣೆ ಎಂದು ಬರೆಯುತ್ತಾರೆ.

ಯೂನಿಯನ್ ಪ್ರತಿನಿಧಿಯ ಕೆಲಸವೂ ಹೆಚ್ಚುಕಡಿಮೆ ಇದೇ. ಮುಷ್ಕರ, ಬ್ಯಾನರ್, ಭಾಷಣ ಎಲ್ಲ ವರ್ಷಕ್ಕೆ ಒಂದೆರಡು ದಿನ, ಅದೂ ಇದ್ದರೆ. ಉಳಿದದ್ದು ಶಿಸ್ತು ವಿಚಾರಣೆ, ಕುಂದುಕೊರತೆ ವಿಚಾರಣೆ, ಪಾಳಿ ಬದಲಾವಣೆಯ ತಕರಾರು, ಕಾಯಿಲೆ ರಜೆಯ ಜಗಳ. 1999ರ ಕಾಯ್ದೆಯೊಂದು ಪ್ರತಿ ಕೆಲಸಗಾರನಿಗೂ ಇಂಥ ವಿಚಾರಣೆಗೆ ಜೊತೆಗೊಬ್ಬರನ್ನು ಕರೆದೊಯ್ಯುವ ಹಕ್ಕು ಕೊಟ್ಟಿದೆ. ಜೊತೆಗೆ ಹೋದವರು ವಾದ ಮಂಡಿಸಬಹುದು, ಕೊನೆಗೆ ಸಾರಾಂಶ ಹೇಳಬಹುದು, ಮಧ್ಯೆ ಹೊರಗೆ ಕರೆದು ಪಿಸುಮಾತು ಆಡಬಹುದು. ಆದರೆ ಕೆಲಸಗಾರನನ್ನು ಕೇಳಿದ ಪ್ರಶ್ನೆಗೆ ಅವನ ಬದಲು ಉತ್ತರ ಹೇಳುವ ಹಾಗಿಲ್ಲ. ಒಳ್ಳೆಯ ಪ್ರತಿನಿಧಿಯ ಕಸುಬು ಇರುವುದೇ ಇಲ್ಲಿ. ವಿಚಾರಣೆಯ ಹಿಂದಿನ ದಿನ ಕೂತು, ಕಾಗದ ಜೋಡಿಸಿ, ಯಾವ ಪ್ರಶ್ನೆ ಬರಬಹುದು ಎಂದು ಊಹಿಸಿ, ಹೆದರಿದವರಿಗೆ ಧೈರ್ಯ ತುಂಬಬೇಕು. ಕೆಲವೊಮ್ಮೆ 'ಇದರಲ್ಲಿ ಗೆಲ್ಲುವುದಿಲ್ಲ, ಕೆಲಸ ಉಳಿದರೆ ಅದೇ ದೊಡ್ಡದು' ಎಂದು ಮುಖಕ್ಕೇ ಹೇಳಬೇಕು.

ಆದ್ದರಿಂದಲೇ ಯೂನಿಯನ್ನಿನಲ್ಲಿ ಪಳಗಿದವರು ಒಳ್ಳೆಯ ವಾರ್ಡ್ ಕೌನ್ಸಿಲರ್ ಆಗುತ್ತಾರೆ. ದಿನಾಂಕ ಬರೆದಿಟ್ಟುಕೊಳ್ಳುವುದು, ಬಾಯಿಮಾತಿನ ಭರವಸೆಯನ್ನು ಕಾಗದಕ್ಕೆ ಇಳಿಸುವುದು, ಸಿಟ್ಟಿನಲ್ಲಿ ಬಂದವರ ಮಾತಿನಲ್ಲಿ ನಿಜವಾದ ದೂರು ಯಾವುದು ಎಂದು ಹೆಕ್ಕುವುದು ಅವರಿಗೆ ಮೊದಲೇ ರೂಢಿ. ಭಾಷಣದಲ್ಲಿ ಮಿಂಚಿ ಗೆದ್ದವರಿಗೆ ಇದನ್ನು ಕಲಿಯಲು ಒಂದು ಅವಧಿ ಬೇಕು. ಕೆಲವರು ಕಲಿಯುವುದೇ ಇಲ್ಲ.

ಸಮಯ ಯಾರದು?

ಕಾನೂನು ಈ ಎರಡು ಕೆಲಸಗಳನ್ನು ಬೇರೆ ಬೇರೆ ತಕ್ಕಡಿಯಲ್ಲಿ ತೂಗುತ್ತದೆ. ಮಾಲೀಕರು ಮಾನ್ಯ ಮಾಡಿದ ಯೂನಿಯನ್ನಿನ ಪ್ರತಿನಿಧಿಗೆ ಯೂನಿಯನ್ ಕರ್ತವ್ಯಕ್ಕಾಗಿ ಸಂಬಳ ಸಹಿತ ಬಿಡುವು ಕೊಡಬೇಕು ಎಂದು 1992ರ ಕಾಯ್ದೆ ಹೇಳುತ್ತದೆ. ಕೌನ್ಸಿಲರ್ ಆದವರಿಗೆ ಸಾರ್ವಜನಿಕ ಕರ್ತವ್ಯಕ್ಕಾಗಿ ಬಿಡುವು ಕೊಡಬೇಕು ಎಂದು 1996ರ ಕಾಯ್ದೆಯೂ ಹೇಳುತ್ತದೆ. ಆದರೆ ಆ ಬಿಡುವಿಗೆ ಸಂಬಳ ಕೊಡಲೇಬೇಕೆಂದು ಹೇಳುವುದಿಲ್ಲ. ಎಷ್ಟು ಹೊತ್ತು ಎಂಬುದಕ್ಕೂ 'ಸಮಂಜಸ' ಎಂಬ ಒಂದೇ ಅಳತೆ. ಅಂದರೆ ಯೂನಿಯನ್ ಪ್ರತಿನಿಧಿಯೂ ಕೌನ್ಸಿಲರ್ ಕೂಡ ಆಗಿರುವ ಒಬ್ಬ ಬಸ್ ಚಾಲಕಿ ಸಹೋದ್ಯೋಗಿಯ ವಿಚಾರಣೆಗೆ ಎರಡು ಗಂಟೆ ಹೋದರೆ ಸಂಬಳ ಬರುತ್ತದೆ. ಸಾವಿರಾರು ಮನೆಗಳಿಗೆ ತಟ್ಟುವ ತೀರ್ಮಾನದ ಸಮಿತಿಗೆ ಎರಡು ಗಂಟೆ ಹೋದರೆ ಕಡಿತವಾಗಬಹುದು. ಕೌನ್ಸಿಲ್ ಒಂದಿಷ್ಟು ಭತ್ಯೆ ಕೊಡುತ್ತದೆ, ನಿಜ. ಆದರೆ ಅದು ಸಂಬಳವಲ್ಲ. ಇಂಗ್ಲೆಂಡಿನಲ್ಲಿ 2014ರಲ್ಲಿ ಕೌನ್ಸಿಲರ್‌ಗಳನ್ನು ಸ್ಥಳೀಯ ಸರ್ಕಾರದ ಪಿಂಚಣಿ ಯೋಜನೆಯಿಂದಲೂ ಹೊರಗಿಟ್ಟರು.

ಇದರ ಪರಿಣಾಮ ಕೌನ್ಸಿಲ್ ಸಭಾಂಗಣದಲ್ಲಿ ಕಣ್ಣಿಗೇ ಕಾಣುತ್ತದೆ. ಇಂಗ್ಲೆಂಡಿನ ಕೌನ್ಸಿಲರ್‌ಗಳ ಸರಾಸರಿ ವಯಸ್ಸು ಸುಮಾರು 60. ದೊಡ್ಡ ಪಾಲು ನಿವೃತ್ತರು. ವಾರಕ್ಕೆ ಇಪ್ಪತ್ತು ಗಂಟೆಗೂ ಹೆಚ್ಚು ಕೌನ್ಸಿಲ್ ಕೆಲಸಕ್ಕೇ ಹೋಗುತ್ತದೆ. ಪಾಳಿಯಲ್ಲಿ ದುಡಿಯುವವರು, ಚಿಕ್ಕ ಮಕ್ಕಳಿರುವವರು ಇದನ್ನು ಹೇಗೆ ಮಾಡಬೇಕು? ಕಾರ್ಮಿಕರ ಪಕ್ಷ ಎಂದು ಹೇಳಿಕೊಳ್ಳುವ ಪಕ್ಷದ ಕೌನ್ಸಿಲರ್‌ಗಳಲ್ಲೂ ಇವತ್ತು ಕಾರ್ಖಾನೆಯಲ್ಲೋ ಗೋದಾಮಿನಲ್ಲೋ ಪಾಳಿ ಮುಗಿಸಿ ಸಭೆಗೆ ಓಡಿ ಬರುವವರು ಎಷ್ಟು ಮಂದಿ ಇದ್ದಾರು?

ಇನ್ನೊಂದು ಬೇಲಿಯೂ ಇದೆ. 1972ರ ಸ್ಥಳೀಯ ಸರ್ಕಾರ ಕಾಯ್ದೆಯ ಪ್ರಕಾರ, ಯಾವ ಕೌನ್ಸಿಲ್ಲಿನ ನೌಕರರೋ ಅದೇ ಕೌನ್ಸಿಲ್ಲಿಗೆ ಸದಸ್ಯರಾಗುವಂತಿಲ್ಲ. ಹಿರಿಯ ಹುದ್ದೆಯ ಅಧಿಕಾರಿಗಳನ್ನು 1989ರ ಕಾಯ್ದೆ ಇನ್ನೂ ಬಿಗಿಯಾಗಿ ಕಟ್ಟಿದೆ, ಅವರು ಯಾವ ಕೌನ್ಸಿಲ್ಲಿಗೂ ನಿಲ್ಲಲಾರರು. ಸಾಮಾನ್ಯ ನೌಕರರಿಗೆ ಮಾತ್ರ ಒಂದು ಕಿಂಡಿ ಉಳಿದಿದೆ. ಇಂಗ್ಲೆಂಡಿನ ಹಲವು ಕಡೆ ಕೌಂಟಿ ಮತ್ತು ಡಿಸ್ಟ್ರಿಕ್ಟ್ ಎಂಬ ಎರಡು ಹಂತದ ಕೌನ್ಸಿಲ್‌ಗಳಿವೆ. ಗ್ರಂಥಾಲಯ, ರಸ್ತೆ, ವೃದ್ಧರ ಆರೈಕೆ ಕೌಂಟಿಯದು. ಮನೆಮನೆಯ ಕಸ ಎತ್ತುವುದು, ವಸತಿ ಡಿಸ್ಟ್ರಿಕ್ಟಿನದು. ಕೌಂಟಿಯ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಾ, ಅಲ್ಲಿಯ ಯೂನಿಯನ್ ಪ್ರತಿನಿಧಿಯೂ ಆಗಿರುವ ಒಬ್ಬಾಕೆ ಡಿಸ್ಟ್ರಿಕ್ಟ್ ಕೌನ್ಸಿಲರ್ ಆಗಬಹುದು.

ಹಿತಾಸಕ್ತಿಯ ವಿಷಯಕ್ಕೆ ಬಂದರೆ, 2011ರ ಲೋಕಲಿಸಂ ಕಾಯ್ದೆಯ ಅಡಿಯಲ್ಲಿ ಕೌನ್ಸಿಲರ್‌ಗಳು ತಮ್ಮ ಹಣಕಾಸಿನ ಹಿತಾಸಕ್ತಿಗಳನ್ನು ದಾಖಲಿಸಬೇಕು. ಚುನಾವಣಾ ವೆಚ್ಚಕ್ಕೆ ಯೂನಿಯನ್ ಕೊಟ್ಟ ಹಣವೂ ಅದರಲ್ಲಿ ಬರುತ್ತದೆ, ನಿಯಮದಲ್ಲಿ ಯೂನಿಯನ್ ಎಂದೇ ಬರೆದಿದೆ. ಸಕಾರಣವಿಲ್ಲದೆ ಮುಚ್ಚಿಟ್ಟರೆ ಅಪರಾಧ. ಕಾನೂನು ತನ್ನ ಕೈಲಾದ ಮಟ್ಟಿಗೆ ಗೆರೆ ಎಳೆದಿದೆ ಎನ್ನಬೇಕು. ಆದರೆ ಈ ಗೆರೆಗಳೆಲ್ಲ ವೈಯಕ್ತಿಕ ಲಾಭದ ಬಗ್ಗೆ. ನಿಜವಾದ ಇಕ್ಕಟ್ಟು ವೈಯಕ್ತಿಕ ಲಾಭದ್ದಲ್ಲವೇ ಅಲ್ಲ.

ಬಜೆಟ್ ದಿನ

ಯೂನಿಯನ್ ಪ್ರತಿನಿಧಿಗೆ ಒಂದು ಪಕ್ಷ ಹಿಡಿಯುವುದೇ ಕೆಲಸ. ಎದುರಿಗಿರುವವರ ಖಜಾನೆ ತುಂಬಿದೆಯೋ ಬರಿದಾಗಿದೆಯೋ ಎಂಬ ಚಿಂತೆ ಅವರದಲ್ಲ. ಅದನ್ನು ಎದುರಿಗಿರುವವರು ನೋಡಿಕೊಳ್ಳುತ್ತಾರೆ. ಕೌನ್ಸಿಲರ್ ಹಾಗಿರಲಾರರು. ಬ್ರಿಟನ್ನಿನ ಕೌನ್ಸಿಲ್ ಕೊರತೆ ಬಜೆಟ್ ಮಾಡುವಂತಿಲ್ಲ. ವರ್ಷದ ಖರ್ಚು ಆದಾಯಕ್ಕೆ ಸರಿಹೊಂದಲೇಬೇಕು. ಇಂಗ್ಲೆಂಡಿನಲ್ಲಿ ಹೊಂದದಿದ್ದರೆ 1988ರ ಕಾಯ್ದೆಯ 114ನೇ ಸೆಕ್ಷನ್ ಅಡಿ ಹಣಕಾಸು ಅಧಿಕಾರಿಯೇ ನೋಟಿಸ್ ಹೊರಡಿಸಬೇಕು. ಅಲ್ಲಿಗೆ ಹೊಸ ಖರ್ಚು ಬಂದ್. ಕೌನ್ಸಿಲ್ ತೆರಿಗೆಯನ್ನಾದರೂ ಏರಿಸೋಣ ಎಂದರೆ ಕೇಂದ್ರ ಸರ್ಕಾರ ಹಾಕಿದ ಮಿತಿ ಇದೆ. ಅದನ್ನು ದಾಟಬೇಕಾದರೆ ಜನಮತ ಸಂಗ್ರಹ ಬೇಕು, ಇಲ್ಲವೇ ವಿಶೇಷ ಅನುಮತಿ ಬೇಕು.

ಇದನ್ನು ಮುರಿಯಲು ನೋಡಿದವರೂ ಇದ್ದಾರೆ. 1921ರಲ್ಲಿ ಲಂಡನ್ನಿನ ಪಾಪ್ಲರ್ ಎಂಬ ಬಡವರ ಭಾಗದ ಕೌನ್ಸಿಲರ್‌ಗಳು, ನಗರದ ದೊಡ್ಡ ಆಡಳಿತ ಸಂಸ್ಥೆಗಳಿಗೆ ಕೊಡಬೇಕಾದ ಪಾಲಿನ ತೆರಿಗೆ ಎತ್ತುವುದಿಲ್ಲ ಎಂದು ಕೂತರು. ಬಡವರ ಪರಿಹಾರದ ಹೊರೆಯನ್ನು ಶ್ರೀಮಂತ ಭಾಗಗಳೂ ಹೊರಲಿ ಎಂಬುದು ಅವರ ಬೇಡಿಕೆ. ಜಾರ್ಜ್ ಲಾನ್ಸ್‌ಬರಿ ಸೇರಿ 30 ಕೌನ್ಸಿಲರ್‌ಗಳು ಜೈಲಿಗೆ ಹೋದರು. ಜೈಲಿನೊಳಗೇ ಕೌನ್ಸಿಲ್ ಸಭೆ ನಡೆಸಿದರು. ಕೊನೆಗೆ ಸರ್ಕಾರ ಬಗ್ಗಿತು, ಹೊರೆ ಹಂಚುವ ಕಾನೂನು ಬಂತು. ಯೂನಿಯನ್ ಕಡೆಯ ಕೌನ್ಸಿಲರ್‌ಗಳು ಇವತ್ತಿಗೂ ಈ ಕಥೆ ಹೇಳುತ್ತಾರೆ.

1985ರ ಲಿವರ್‌ಪೂಲ್ ಕಥೆ ಹೇಳುವವರು ಕಡಿಮೆ. ಅಲ್ಲೂ ಕೌನ್ಸಿಲರ್‌ಗಳು ಸರ್ಕಾರಕ್ಕೆ ಸವಾಲು ಹಾಕಿ, ಆದಾಯಕ್ಕಿಂತ ಹೆಚ್ಚು ಖರ್ಚಿನ ಬಜೆಟ್ ಮಾಡಿದರು. ಹಣ ಮುಗಿಯುತ್ತಾ ಬಂದಾಗ ಕಾಲ ತಳ್ಳುವ ತಂತ್ರ ಎಂದು ತಮ್ಮದೇ ಸುಮಾರು 31,000 ನೌಕರರಿಗೆ ಕೆಲಸದಿಂದ ತೆಗೆಯುವ ನೋಟಿಸ್ ಬರೆದರು. ಯೂನಿಯನ್ನಿನವರು ಹಂಚಲು ಒಪ್ಪಲಿಲ್ಲ. ಟ್ಯಾಕ್ಸಿ ಬಾಡಿಗೆಗೆ ಹಿಡಿದು ನೋಟಿಸ್ ಹಂಚಿಸಿದರು. ಮುಂದೆ 47 ಕೌನ್ಸಿಲರ್‌ಗಳ ಮೇಲೆ ನಷ್ಟದ ಹಣ ಹೊರಿಸಿ, ಅವರನ್ನು ಅನರ್ಹಗೊಳಿಸಲಾಯಿತು. ಹಾಗೆ ಸ್ವಂತ ಜೇಬಿನಿಂದ ವಸೂಲಿ ಮಾಡುವ ಪದ್ಧತಿ 2000ದ ಕಾಯ್ದೆಯೊಂದಿಗೆ ಹೋಯಿತು. ಈಗ ಯಾರನ್ನೂ ಜೈಲಿಗೆ ಹಾಕುವುದಿಲ್ಲ. ಅದರ ಬದಲು ಸರ್ಕಾರ ಕಮಿಷನರ್‌ಗಳನ್ನು ಕಳಿಸುತ್ತದೆ. ಆಮೇಲೆ ಕೌನ್ಸಿಲರ್ ಕುರ್ಚಿ ಇರುತ್ತದೆ, ತೀರ್ಮಾನದ ಮೇಲೆ ಹಿಡಿತ ಇರುವುದಿಲ್ಲ. ರಾಜಕೀಯವಾಗಿ ಇದು ಜೈಲಿಗಿಂತ ಜಾಣ ಶಿಕ್ಷೆ.

ಬರ್ಮಿಂಗ್‌ಹ್ಯಾಮ್‌ನಲ್ಲಿ ಆದದ್ದು ಇದೇ, ಆದರೆ ಅಲ್ಲಿಯ ಗಂಟು ಇನ್ನೂ ಗೋಜಲು. ಆ ಕೌನ್ಸಿಲ್ಲಿನಲ್ಲಿ ಕಸ ಎತ್ತುವುದು, ರಸ್ತೆ ಗುಡಿಸುವುದು ಇಂಥ ಗಂಡಸರೇ ಹೆಚ್ಚಿದ್ದ ಕೆಲಸಗಳಿಗೆ ಬೋನಸ್ ಸಿಗುತ್ತಿತ್ತು. ಅದೇ ದರ್ಜೆಯ ಅಡುಗೆಯವರು, ಶುಚಿ ಮಾಡುವವರು, ಆರೈಕೆಯವರಿಗೆ ಸಿಗುತ್ತಿರಲಿಲ್ಲ. ಅವರಲ್ಲಿ ಬಹುತೇಕರು ಹೆಂಗಸರು. ಕೆಲಸ ಬಿಟ್ಟ ಮಹಿಳೆಯರು ಕೋರ್ಟಿಗೆ ಹೋದರು. ಉದ್ಯೋಗದ ತಕರಾರು ಕೇಳುವ ಟ್ರಿಬ್ಯೂನಲ್‌ಗೆ ಆರು ತಿಂಗಳೊಳಗೆ ಹೋಗಬೇಕಿತ್ತು, ನೀವು ತಡಮಾಡಿದಿರಿ ಎಂದು ಕೌನ್ಸಿಲ್ ವಾದಿಸಿತು. 2012ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ಸಿವಿಲ್ ಕೋರ್ಟಿನಲ್ಲಿ ಆರು ವರ್ಷದವರೆಗೂ ದಾವೆ ಹೂಡಬಹುದು ಎಂದಿತು. ಅಲ್ಲಿಂದ ಮುಂದೆ ಕೌನ್ಸಿಲ್ 100 ಕೋಟಿ ಪೌಂಡ್‌ಗೂ ಹೆಚ್ಚು ಪರಿಹಾರ ಕೊಟ್ಟಿತು. 2023ರಲ್ಲಿ ಮತ್ತೆ ಹೊಸ ಬಾಕಿಯ ಲೆಕ್ಕ ಎದ್ದು ಬಂತು. ಒರಾಕಲ್ ಸಾಫ್ಟ್‌ವೇರ್ ಅಳವಡಿಸಲು ಹೋಗಿ ಆದ ಎಡವಟ್ಟೂ ಸೇರಿ, ಸೆಪ್ಟೆಂಬರ್ 5ರಂದು 114ರ ನೋಟಿಸ್ ಹೊರಬಿತ್ತು. ಕಮಿಷನರ್‌ಗಳು ಬಂದರು. 2024ರಲ್ಲಿ ಕೌನ್ಸಿಲ್ ತೆರಿಗೆ ಸುಮಾರು 10 ಶೇಕಡಾ ಏರಿತು. ಎರಡು ವರ್ಷದಲ್ಲಿ 30 ಕೋಟಿ ಪೌಂಡ್ ಉಳಿಸುವ ಯೋಜನೆ ಬಂತು.

ಈಗ ಕಸದ ಲಾರಿಯ ಕಡೆ ನೋಡೋಣ. 2017ರಲ್ಲೂ ಅಲ್ಲಿ ಮುಷ್ಕರವಾಗಿತ್ತು. ಆಗಿನ ನಾಯಕ ಜಾನ್ ಕ್ಲಾನ್ಸಿ ರಾಜೀನಾಮೆ ಕೊಡಬೇಕಾಯಿತು. ಆ ರಾಜಿಯ ಫಲವಾಗಿ ಲಾರಿಯ ತಂಡದಲ್ಲಿ ಸ್ವಲ್ಪ ಹೆಚ್ಚು ಸಂಬಳದ ಒಂದು ಹುದ್ದೆ ಉಳಿಯಿತು. 2025ರಲ್ಲಿ ಕೌನ್ಸಿಲ್ ಆ ಹುದ್ದೆಯನ್ನೇ ತೆಗೆಯಲು ಹೊರಟಿತು. ಇದನ್ನು ಉಳಿಸಿದರೆ ಬೇರೆ ವಿಭಾಗದ ಹೆಂಗಸರು ಮತ್ತೆ ಸಮಾನ ವೇತನದ ದಾವೆ ಹೂಡುತ್ತಾರೆ ಎಂಬುದು ಅದರ ವಾದಗಳಲ್ಲಿ ಒಂದು. ಈ ಹುದ್ದೆ ಸುರಕ್ಷತೆಗೆ ಬೇಕೇ ಬೇಕು, ತೆಗೆದರೆ ಕೆಲವರಿಗೆ ವರ್ಷಕ್ಕೆ 8,000 ಪೌಂಡ್‌ವರೆಗೆ ನಷ್ಟ ಎಂದು ಯುನೈಟ್ ಹೇಳಿತು. ಕೌನ್ಸಿಲ್ ಆ ಅಂಕಿಯನ್ನು ಒಪ್ಪಲಿಲ್ಲ. ಮಾರ್ಚ್ 11ರಿಂದ ಲಾರಿಗಳು ನಿಂತವು. ಮಾರ್ಚ್ 31ರಂದು ಕೌನ್ಸಿಲ್ ತುರ್ತು ಪರಿಸ್ಥಿತಿ ಘೋಷಿಸುವಾಗ ಬೀದಿಗಳಲ್ಲಿ 17,000 ಟನ್ ಕಸ ಬಿದ್ದಿತ್ತು.

ಇಲ್ಲಿ ಯೂನಿಯನ್ ಕೌನ್ಸಿಲರ್ ಯಾರ ಕಡೆ ನಿಲ್ಲಬೇಕು? 'ಕಾರ್ಮಿಕರ ಕಡೆ' ಎಂದು ಹೇಳಿಬಿಡುವುದು ಸುಲಭ. ಯಾವ ಕಾರ್ಮಿಕರು? ಸಮಾನ ವೇತನಕ್ಕಾಗಿ ಹೋರಾಡಿದ ಮಹಿಳೆಯರ ಪರ ನಿಂತದ್ದು ಮುಖ್ಯವಾಗಿ ಜಿಎಂಬಿ ಎಂಬ ಇನ್ನೊಂದು ಸಂಘ. ಲಾರಿಯವರದು ಯುನೈಟ್. ಎರಡೂ ಕಡೆಯವರು ಬೆವರು ಸುರಿಸಿ ದುಡಿಯುವವರೇ, ಎರಡೂ ಕಡೆಯ ಬೇಡಿಕೆಗಳಿಗೂ ಕಾರಣವಿದೆ. ಹೆಂಗಸರ ಸಂಬಳವನ್ನು ಮೇಲಕ್ಕೆ ಏರಿಸಿ ಸಮ ಮಾಡಬೇಕಿತ್ತು. ಹಣವಿಲ್ಲದ ಕೌನ್ಸಿಲ್ ಗಂಡಸರ ಸಂಬಳವನ್ನು ಕೆಳಕ್ಕೆ ಎಳೆದು ಸಮ ಮಾಡಲು ಹೋಯಿತು. ಬೋನಸ್ ವ್ಯವಸ್ಥೆಯನ್ನು ದಶಕಗಳ ಕಾಲ ಹಾಗೇ ಬಿಟ್ಟಿದ್ದರಲ್ಲಿ ಎಲ್ಲ ಪಕ್ಷದ ಆಡಳಿತಗಳಿಗೂ ಪಾಲಿದೆ. ಯೂನಿಯನ್‌ಗಳೂ ಆ ಒಪ್ಪಂದಗಳಿಗೆ ಸಹಿ ಹಾಕಿದ್ದವು ಅನ್ನುವುದನ್ನು ಮರೆಯಬಾರದು.

ಅಮಾನತು ಮಾಡಿದ್ದು ಸರಿಯೇ? ಯೂನಿಯನ್ನಿನ ಸಿಟ್ಟು ಅರ್ಥವಾಗುತ್ತದೆ. ಸದಸ್ಯರ ಸಂಬಳ ಕಡಿಮೆ ಮಾಡುವವರೇ ಜೇಬಿನಲ್ಲಿ ಯೂನಿಯನ್ ಕಾರ್ಡ್ ಇಟ್ಟುಕೊಂಡು ಓಡಾಡುವುದು ಯಾರಿಗೂ ಸಹಿಸುವ ಮಾತಲ್ಲ. ಆದರೂ ಆ ಹೆಜ್ಜೆ ಒಳ್ಳೆಯದು ಎಂದು ನನಗೆ ಅನ್ನಿಸುವುದಿಲ್ಲ. ಕೌನ್ಸಿಲ್ಲಿಗೆ ಹೋದ ಪ್ರತಿ ಯೂನಿಯನ್ನಿನವರೂ ಒಂದಲ್ಲ ಒಂದು ದಿನ ಹೊರಹಾಕಿಸಿಕೊಳ್ಳಬೇಕಾಗುತ್ತದೆ ಎಂದಾದರೆ, ಮುಂದೆ ಹೋಗುವವರು ಯಾರು? ಯೂನಿಯನ್ ಕಾರ್ಡನ್ನು ಬರೀ ಅಲಂಕಾರ ಮಾಡಿಕೊಂಡವರು ಮಾತ್ರ.

ಇಂಥ ಹೊತ್ತಿನಲ್ಲಿ ಆಡಳಿತದಲ್ಲಿ ಹುದ್ದೆ ಇಲ್ಲದ ಒಬ್ಬ ಯೂನಿಯನ್ ಕೌನ್ಸಿಲರ್‌ಗೆ ಮಾಡಲು ಏನೂ ಇಲ್ಲ ಎಂದಲ್ಲ. ಸಂಧಾನದ ಮೇಜಿನಲ್ಲಿ ಅವರು ಕೂರುವುದಿಲ್ಲ, ಅದು ಅಧಿಕಾರಿಗಳ ಕೆಲಸ. ಮೇಲಿನ ಕೆಲವು ಹುದ್ದೆ ಬಿಟ್ಟರೆ ಯಾವ ನೌಕರರನ್ನು ನೇಮಿಸುವುದರಲ್ಲೂ ತೆಗೆಯುವುದರಲ್ಲೂ ಅವರು ಕೈ ಹಾಕುವಂತಿಲ್ಲ. ಆದರೆ ಪರಿಶೀಲನಾ ಸಮಿತಿಯಲ್ಲಿ ಕೂತು ಕಾಗದ ಕೇಳಬಹುದು. ಆಡಳಿತ ತೆಗೆದುಕೊಂಡ ತೀರ್ಮಾನವನ್ನು ಮರುಪರಿಶೀಲನೆಗೆ ಎಳೆಯಬಹುದು. 8,000 ಎಂದು ಒಬ್ಬರು, ಅಲ್ಲ ಎಂದು ಇನ್ನೊಬ್ಬರು ಹೇಳುವಾಗ ಲೆಕ್ಕದ ಹಾಳೆಯನ್ನು ಎಲ್ಲರ ಮುಂದೆ ಇಡಿಸಬಹುದು. ವಿಚಾರಣೆಗೆ ಹಿಂದಿನ ದಿನ ಕೂತು ಕಾಗದ ಜೋಡಿಸುವ ಯೂನಿಯನ್ ರೂಢಿ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಗೇಟಿನ ಮುಂದೆ ಮುಷ್ಕರನಿರತರ ಜೊತೆ ಫೋಟೊ ತೆಗೆಸಿಕೊಂಡು, ರಾತ್ರಿ ಪಕ್ಷದ ವಿಪ್‌ಗೆ ಹೆದರಿ ಬಜೆಟ್‌ಗೆ ಕೈ ಎತ್ತುವುದಕ್ಕಿಂತ ಇದು ಎಷ್ಟೋ ಮೇಲು.

ಯೂನಿಯನ್ ಕಡೆಗೆ ಕಾನೂನು ಈಗ ಸ್ವಲ್ಪ ಸಡಿಲವಾಗಿದೆ. 2025ರ ಡಿಸೆಂಬರ್‌ನಲ್ಲಿ ಬಂದ ಉದ್ಯೋಗ ಹಕ್ಕುಗಳ ಕಾಯ್ದೆ, 2016ರಲ್ಲಿ ಹಾಕಿದ್ದ ನಿರ್ಬಂಧಗಳಲ್ಲಿ ಹೆಚ್ಚಿನವನ್ನು ತೆಗೆದಿದೆ. ಮುಷ್ಕರದ ನೋಟಿಸ್ 14 ದಿನದಿಂದ 10 ದಿನಕ್ಕೆ ಇಳಿದಿದೆ. ಮುಷ್ಕರಕ್ಕೆ ಒಮ್ಮೆ ಸದಸ್ಯರ ಮತ ಪಡೆದರೆ ಅದು ಆರು ತಿಂಗಳ ಬದಲು ಹನ್ನೆರಡು ತಿಂಗಳು ನಡೆಯುತ್ತದೆ. ಯೂನಿಯನ್‌ಗೆ ಬಲ ಬಂತು, ಕೌನ್ಸಿಲ್ಲಿನ ಖಜಾನೆಗೆ ಏನೂ ಬರಲಿಲ್ಲ. ಹಾಗಾಗಿ ಬರ್ಮಿಂಗ್‌ಹ್ಯಾಮ್‌ನಂಥ ಜಗಳಗಳು ಕಡಿಮೆಯಾಗುತ್ತವೆ ಎಂದು ನಂಬಲು ಕಾರಣ ಕಾಣುವುದಿಲ್ಲ.

ಕೌನ್ಸಿಲರ್ ಕಡೆಗೆ ಮಾತ್ರ ಬಾಗಿಲು ಕಿರಿದಾಗುತ್ತಿದೆ. 2024ರ ಡಿಸೆಂಬರ್‌ನಲ್ಲಿ ಪ್ರಕಟವಾದ ಸರ್ಕಾರದ ಶ್ವೇತಪತ್ರದ ಪ್ರಕಾರ ಇಂಗ್ಲೆಂಡಿನ ಕೌಂಟಿ–ಡಿಸ್ಟ್ರಿಕ್ಟ್ ಎರಡು ಹಂತಗಳನ್ನು ಒಂದು ಮಾಡಲಾಗುತ್ತದೆ. ದೊಡ್ಡ ಕೌನ್ಸಿಲ್, ಕಡಿಮೆ ಕೌನ್ಸಿಲರ್‌ಗಳು, ಒಬ್ಬೊಬ್ಬರ ಪಾಲಿಗೆ ಹೆಚ್ಚು ಜನ. ವಾರದ ಇಪ್ಪತ್ತು ಗಂಟೆ ಇನ್ನೂ ಬೆಳೆಯುತ್ತದೆ. ದಕ್ಷತೆಯ ಲೆಕ್ಕದಲ್ಲಿ ಇದು ಸರಿಯೇ ಇರಬಹುದು. ಆದರೆ ಕೌಂಟಿಯ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಾ ಡಿಸ್ಟ್ರಿಕ್ಟ್ ಕೌನ್ಸಿಲರ್ ಆಗಿರುವ ಆ ಯೂನಿಯನ್ ಪ್ರತಿನಿಧಿಯ ಗತಿ ಏನು? ಎರಡೂ ಸೇರಿ ಒಂದೇ ಕೌನ್ಸಿಲ್ ಆದ ದಿನ ಅದು ಆಕೆಯ ಮಾಲೀಕ. 1972ರ ನಿಯಮ ಹಾಗೇ ಇದ್ದರೆ ಆಕೆ ಕೆಲಸ ಬಿಡಬೇಕು, ಇಲ್ಲವೇ ಸೀಟು ಬಿಡಬೇಕು. ಸಂಬಳವಿಲ್ಲದ ಸೀಟು ಮತ್ತು ಸಂಬಳವಿರುವ ಕೆಲಸದ ನಡುವೆ ದುಡಿದು ಉಣ್ಣುವವರು ಯಾವುದನ್ನು ಇಟ್ಟುಕೊಳ್ಳುತ್ತಾರೆ ಎಂದು ಶ್ವೇತಪತ್ರ ಬರೆದವರು ಕೇಳಿಕೊಂಡಂತೆ ಕಾಣುವುದಿಲ್ಲ.